ಅಮ್ಮನ ಮಣಿಕಟ್ಟು, ಡಿಸಿಎ ಲೈಸೆನ್ಸ್ ಸರ್ಚ್

"ಮನೆಕೆಲಸಕ್ಕೆ ಒಬ್ಬಳನ್ನ ಗೊತ್ತು ಮಾಡೋಕೂ ಊರು ಕೇರಿ ವಿಚಾರಿಸ್ತೀವಿ. ನನ್ನ ಕೈ ತಿರುಚೋನು ಯಾರು ಏನು ಅಂತ ಕೇಳಿದ್ಯೇನೋ?"

ಕಾರಿನಲ್ಲಿ ಕ್ಲಿನಿಕ್‌ನಿಂದ ಮನೆಗೆ ಬರುವಾಗ ಅಮ್ಮ ಕೇಳಿದ ಮಾತಿದು. ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದ ಮೂರನೇ ವಾರಕ್ಕೇ ಗ್ಯಾರೇಜಿನ ಮೆಟ್ಟಿಲು ತಪ್ಪಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಆರು ವಾರ ಕಟ್ಟು. ಬಿಚ್ಚುವ ಹೊತ್ತಿಗೆ ಬೆರಳು ಮಡಚಲು ಬರುತ್ತಿರಲಿಲ್ಲ, ಭುಜವೂ ಹಿಡಿದುಕೊಂಡಿತ್ತು. ಡಾಕ್ಟರು ಎರಡು ಚೀಟಿ ಬರೆದುಕೊಟ್ಟರು. ಭುಜಕ್ಕೆ ಫಿಸಿಕಲ್ ಥೆರಪಿ, ಮಣಿಕಟ್ಟು ಬೆರಳುಗಳಿಗೆ ಆಕ್ಯುಪೇಷನಲ್ ಥೆರಪಿ. ನಮ್ಮೂರಲ್ಲಿ ಎರಡನ್ನೂ ಸೇರಿಸಿ ಫಿಸಿಯೋ ಅಂದುಬಿಡುತ್ತೇವೆ, ಅಲ್ವಾ?

ಆ ರಾತ್ರಿ ನಾನು ತೆರೆದದ್ದು ಕ್ಯಾಲಿಫೋರ್ನಿಯಾ ಸರ್ಕಾರದ ಲೈಸೆನ್ಸ್ ಸರ್ಚ್. ಈ ವಿಮರ್ಶೆ ಅದರದ್ದೇ. ರಾಜ್ಯದ ಕನ್ಸ್ಯೂಮರ್ ಅಫೇರ್ಸ್ ಇಲಾಖೆ, ಅಂದರೆ ಡಿಸಿಎ, ಇದನ್ನು ನಡೆಸುತ್ತದೆ. ಕೂದಲು ಕತ್ತರಿಸುವವರಿಂದ ಹಿಡಿದು ಡಾಕ್ಟರವರೆಗೆ ಎಷ್ಟೋ ಕಸುಬಿನವರ ಹೆಸರು ಅಲ್ಲಿದೆ. ದುಡ್ಡಿಲ್ಲ, ಲಾಗಿನ್ನೂ ಬೇಡ.

ಮೊದಲ ಸಲ ಭುಜದ ಥೆರಪಿಸ್ಟ್ ಹೆಸರು ಸಿಗಲೇ ಇಲ್ಲ. ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ತಪ್ಪು ನನ್ನದೇ. ಹುಡುಗ ಹೈದರಾಬಾದಿನವನು. ಕ್ಲಿನಿಕ್‌ನಲ್ಲಿ ಕರೆಯುವ ಚಿಕ್ಕ ಹೆಸರನ್ನೇ ನಾನು ಟೈಪ್ ಮಾಡಿದ್ದೆ. ಲೈಸೆನ್ಸಿನಲ್ಲಿರುವುದು ಪಾಸ್‌ಪೋರ್ಟಿನಷ್ಟು ಉದ್ದದ ಹೆಸರು. ಕೊನೆಯ ಹೆಸರು ಮಾತ್ರ ಹಾಕಿದೆ, ಸಿಕ್ಕಿತು. ಲೈಸೆನ್ಸ್ ನಂಬರ್, ಯಾವಾಗ ಮುಗಿಯುತ್ತದೆ, ಚಾಲ್ತಿಯಲ್ಲಿದೆಯೋ ಇಲ್ಲವೋ, ಎಲ್ಲ ಒಂದೇ ಕಡೆ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 30 ಗಂಟೆ ಹೊಸದಾಗಿ ಕಲಿತಿರಬೇಕು. ಅದರಲ್ಲಿ 2 ಗಂಟೆ ಕಾನೂನು ಮತ್ತು ನೀತಿಯದ್ದು. ಇವನ ಹೆಸರಿನ ಮುಂದೆ ಯಾವ ಶಿಸ್ತುಕ್ರಮವೂ ಇರಲಿಲ್ಲ. ಅಮ್ಮನಿಗೆ ಹೇಳಿದೆ. "ಸರಿ" ಅಂದಳು, ಅಷ್ಟೇ.

ನನಗೆ ಅಷ್ಟಕ್ಕೆ ಸಾಕಾಗಲಿಲ್ಲ. ಶಿಸ್ತುಕ್ರಮ ಆಗಿರುವವರ ಕಾಗದಪತ್ರಗಳನ್ನೂ ಯಾರು ಬೇಕಾದರೂ ಓದಬಹುದು ಅಂತ ಗೊತ್ತಾಯಿತು. ಲೈಸೆನ್ಸ್ ಕೊಡುವ ಫಿಸಿಕಲ್ ಥೆರಪಿ ಬೋರ್ಡ್ ಪರವಾಗಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಬರೆಯುವ ದೋಷಾರೋಪ ಪಟ್ಟಿ, ಆಮೇಲೆ ಒಪ್ಪಂದ ಅಥವಾ ತೀರ್ಪು. ಕುಡಿದು ಗಾಡಿ ಓಡಿಸಿದವರು, ಮಾಡದ ಚಿಕಿತ್ಸೆಯನ್ನು ಮಾಡಿದ್ದೇನೆಂದು ಬರೆದು ಬಿಲ್ ಹಾಕಿದವರು, ರೋಗಿಯ ಮೈಮೇಲೆ ಕೈ ಹಾಕಬಾರದ ಕಡೆ ಹಾಕಿದವರು. ಕೆಲವರಿಗೆ ಕೆಲವು ವರ್ಷ ಪ್ರೊಬೇಷನ್ (ಷರತ್ತಿನ ಮೇಲೆ ಕೆಲಸ), ಕೆಲವರಿಗೆ ಲೈಸೆನ್ಸೇ ರದ್ದು. ಬೇರೆಯವರ ಮನೆ ಜಗಳ ಕಿಟಕಿಯಲ್ಲಿ ನಿಂತು ನೋಡಿದ ಹಾಗೆ ರಾತ್ರಿ ಒಂದು ಗಂಟೆವರೆಗೂ ಓದಿದೆ. ಸ್ವಲ್ಪ ನಾಚಿಕೆಯೂ ಆಯಿತು.

ಕೊರತೆಗಳೂ ಇವೆ. ಯಾರೋ ದೂರು ಕೊಟ್ಟಿದ್ದರೆ ಅದು ಇಲ್ಲಿ ಕಾಣುವುದಿಲ್ಲ. ತನಿಖೆ ನಡೆಯುವಷ್ಟು ಕಾಲ ಗುಟ್ಟಾಗಿಯೇ ಇರುತ್ತದೆ. ದೋಷಾರೋಪ ಅಧಿಕೃತವಾಗಿ ದಾಖಲಾದ ಮೇಲೆಯೇ ಬಯಲಾಗುವುದು. ಇದು ನ್ಯಾಯವೇ, ಸುಳ್ಳು ದೂರಿಗೆ ಯಾರ ಹೆಸರೂ ಕೆಡಬಾರದು. ನನಗೆ ಒಪ್ಪಿಗೆಯಾಗದ್ದು ಬೇರೆ. 2019ರ ಜುಲೈಯಿಂದ ಇಲ್ಲಿ ಒಂದು ಕಾನೂನಿದೆ. ಕೆಲವು ಗಂಭೀರ ತಪ್ಪುಗಳಿಗೆ ಪ್ರೊಬೇಷನ್‌ನಲ್ಲಿರುವ ಡಾಕ್ಟರು ಅದನ್ನು ರೋಗಿಗೆ ತಾವೇ ಮೊದಲು ತಿಳಿಸಬೇಕು. ಬೆನ್ನುಮೂಳೆ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟರ್, ಅಕ್ಯುಪಂಕ್ಚರ್‌ನವರೂ ಆ ಪಟ್ಟಿಯಲ್ಲಿದ್ದಾರೆ. ಫಿಸಿಕಲ್ ಥೆರಪಿಸ್ಟ್‌ಗಳು ಇಲ್ಲ! ಮುಕ್ಕಾಲು ಗಂಟೆ ನಮ್ಮ ಮೈ ಮುಟ್ಟಿಯೇ ಕೆಲಸ ಮಾಡುವವರು ಇವರು. ಹಾಗಾಗಿ ಹುಡುಕುವ ಕೆಲಸ ನಮ್ಮ ತಲೆಗೇ.

ಇನ್ನೊಂದು. ಥೆರಪಿಯ ಮೂರನೇ ವಾರದಿಂದ ಅಮ್ಮನ ಭುಜಕ್ಕೆ ವ್ಯಾಯಾಮ ಮಾಡಿಸುತ್ತಿದ್ದವನು ಬೇರೆ ಹುಡುಗ. ಅವನ ಹೆಸರು ಹುಡುಕಿದೆ, ಇರಲಿಲ್ಲ. ಇರೋದಕ್ಕೆ ಸಾಧ್ಯವೂ ಇಲ್ಲ, ಯಾಕೆಂದರೆ ಅವನು ಏಡ್, ಅಂದರೆ ಸಹಾಯಕ, ಏಡ್‌ಗೆ ಲೈಸೆನ್ಸೇ ಇಲ್ಲ. ಥೆರಪಿಸ್ಟ್ ಉಸ್ತುವಾರಿಯಲ್ಲಿ ಏಡ್ ಸಹಾಯ ಮಾಡಬಹುದು. ಆದರೆ ರೋಗಿಗೆ ಸಂಬಂಧಿಸಿದ ಕೆಲಸಕ್ಕೆ ಒಬ್ಬ ಥೆರಪಿಸ್ಟ್ ಒಂದು ಹೊತ್ತಿಗೆ ಒಬ್ಬ ಏಡನ್ನು ಮಾತ್ರ ಇಟ್ಟುಕೊಳ್ಳಬಹುದು ಅಂತ ಇಲ್ಲಿನ ಕಾನೂನು. ನಾನು ಎಣಿಸಿದಾಗ ಇಬ್ಬರಿದ್ದರು. ಕೌಂಟರಿನಲ್ಲಿ ಮೆಲ್ಲಗೆ ಕೇಳಿದೆ, ಜಗಳ ಮಾಡಲಿಲ್ಲ. ಮುಂದಿನ ಸಲದಿಂದ ಹೈದರಾಬಾದಿನವನೇ ಪೂರ್ತಿ ಹೊತ್ತು ನಿಂತ. ಕ್ಲಿನಿಕ್ ಹೆಸರು ಬರೆಯುವುದಿಲ್ಲ, ಸರಿಪಡಿಸಿದರಲ್ಲ.

ಕೈಬೆರಳಿನ ಥೆರಪಿಸ್ಟ್ ವಿಷಯದಲ್ಲಿ ಹೇಳುವುದು ಜಾಸ್ತಿ ಇಲ್ಲ. ಆಕ್ಯುಪೇಷನಲ್ ಥೆರಪಿಗೆ ಬೇರೆ ಬೋರ್ಡ್, ಹುಡುಕುವ ಪುಟ ಇದೇ. ಹ್ಯಾಂಡ್ ಥೆರಪಿ ಮಾಡಲು ಬರೀ ಲೈಸೆನ್ಸ್ ಸಾಲದು, ಬೋರ್ಡಿನಿಂದ ಪ್ರತ್ಯೇಕ ಅನುಮತಿ ಬೇಕು. ನಾನು ಕೇಳುವ ಮೊದಲೇ ಆಕೆ ಅದನ್ನು ತೋರಿಸಿದರು. ಅಮ್ಮನಿಗೆ ಚಪಾತಿ ಹಿಟ್ಟಿನಂಥ ಮೆತ್ತನೆ ಉಂಡೆ ಹಿಂಡಲು ಕೊಟ್ಟರು. "ಹಿಟ್ಟು ನಾದೋಕೆ ಅಮೆರಿಕಕ್ಕೆ ಬರಬೇಕಿತ್ತಾ" ಅಂತ ಅಮ್ಮ ನಕ್ಕಳು.

ಈಗ ಊರಿಗೆ ಹೋದ ಮೇಲೆ ಮುಂದುವರಿಸಬೇಕು. ಮೈಸೂರಿನಲ್ಲಿ ಅಕ್ಕ ಮನೆಗೇ ಬರುವ ಫಿಸಿಯೋ ಒಬ್ಬರನ್ನು ಗೊತ್ತು ಮಾಡಿದ್ದಾಳೆ. ಅಭ್ಯಾಸಬಲ, ಅವರ ನೋಂದಣಿ ಎಲ್ಲಿ ನೋಡಲಿ ಅಂತ ಕೇಳಿದೆ. ದೆಹಲಿಯಲ್ಲಿ 1997ರ ಕಾನೂನಿನಿಂದ ಫಿಸಿಯೋಗಳಿಗೆ ಕೌನ್ಸಿಲ್ ಇದೆ, ಮಹಾರಾಷ್ಟ್ರದಲ್ಲೂ ಇದೆ. ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 2021ರಲ್ಲಿ, ನೋಂದಣಿ ರಾಜ್ಯ ಕೌನ್ಸಿಲ್ ಮೂಲಕ. ಅಕ್ಕ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ರಾಜೀವ್ ಗಾಂಧಿ ವಿವಿಯ ಬಿಪಿಟಿ (ಫಿಸಿಯೋಥೆರಪಿ ಪದವಿ) ಸರ್ಟಿಫಿಕೇಟ್ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಂಡಳು. ಜೊತೆಗೆ ಎದುರು ಮನೆಯವರ ಮಂಡಿ ಆಪರೇಷನ್ ಆದಾಗ ಬಂದವರು ಇವರೇ ಅಂತ ವಿಚಾರಿಸಿಟ್ಟಿದ್ದಾಳೆ. ಡಿಸಿಎ ಪುಟಕ್ಕೆ ಈ ಎರಡನೆಯದು ಮಾಡಲು ಬರುವುದಿಲ್ಲ. ಕೈಗುಣ ಹೇಗೆ ಅಂತ ಅದು ಹೇಳುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಮೊದಲ ದಿನ ಕ್ಲಿನಿಕ್‌ಗೆ ಹೋಗುವ ಮುಂಚೆಯೇ ಎರಡು ನಿಮಿಷ ನೋಡಿ, ನನ್ನ ಹಾಗೆ ಅಮ್ಮನ ಕೈಯಲ್ಲಿ ಹೇಳಿಸಿಕೊಳ್ಳಬೇಡಿ. ನಿನ್ನೆ ಬೆಳಗ್ಗೆ ಅಮ್ಮ ತನ್ನ ಜಡೆ ತಾನೇ ಹೆಣೆದುಕೊಂಡಳು, ಸ್ವಲ್ಪ ಸೊಟ್ಟ.