ಜಿಮ್ನಿಗೆ ‘ಗಟ್ಟಿ’ ಟೈರ್ ಹಾಕಿಸಿ ಕೆಟ್ಟೆ: ಎರಡು ಸೆಟ್, 34 ಸಾವಿರ ಕಿ.ಮೀ. ಅನುಭವ

ಊರು ಸಿಂಧನೂರು. ಗಾಡಿ ಮಾರುತಿಯ ಜಿಮ್ನಿ, ನಾಲ್ಕೂ ಗಾಲಿ ಎಳೆಯುವ ಸಣ್ಣ ಜೀಪು. ತಗೊಂಡು ಎರಡು ವರ್ಷ ದಾಟಿತು. ನನ್ನ ಓಡಾಟ ಅರ್ಧ ಡಾಂಬರಿನ ಮೇಲೆ. ಉಳಿದರ್ಧ ತುಂಗಭದ್ರಾ ಎಡದಂಡೆ ಕಾಲುವೆಯ ಮಣ್ಣು ದಾರಿ, ಗದ್ದೆ ಬದು, ಮಸ್ಕಿ ಕಡೆಯ ಕಲ್ಲು ಗುಡ್ಡದ ಬುಡ. ಈ ಗಾಡಿಯ ಟೈರಿಗೆ ಎರಡು ಸಲ ದುಡ್ಡು ಸುರಿದಿದ್ದೇನೆ. ಮೊದಲನೇ ಸಲದ್ದು ಪೂರಾ ದಂಡ.

ಗಾಡಿಯ ಜೊತೆ ಬಂದ ಟೈರ್ 195/80 ಆರ್15, ಅಂದರೆ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 80, ರಿಮ್ 15 ಇಂಚು. ಅದರ ಮುಂದೆ 96 ಎಸ್: 96 ಭಾರದ ಗುರುತು, ಎಸ್ ವೇಗದ್ದು. ರಸ್ತೆಗೆ ಚೆನ್ನಾಗಿಯೇ ಇತ್ತು. ಒಂದು ದಿನ ಮಸ್ಕಿ ಹತ್ತಿರ ಚೂಪು ಕಲ್ಲೊಂದು ಟೈರಿನ ಪಕ್ಕೆಯನ್ನು ಕೊಯ್ದು ಹಾಕಿತು. ಪಕ್ಕೆ ಹರಿದರೆ ಪಂಕ್ಚರ್ ಹಾಕೋ ಹಾಗಿಲ್ಲ, ಟೈರೇ ಹೋದಂತೆ. ಆ ಸಿಟ್ಟಿನಲ್ಲೇ ಟೈರ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ಬೇಕಾಗಿದ್ದೂ ಅದೇ. “ಲೋಡ್ ಗಾಡಿ ಟೈರ್ ಹಾಕಸ್ರಿ ಅಣ್ಣಾರ, ಕಲ್ಲೂ ಕಚ್ಚಂಗಿಲ್ಲ, ಮುಳ್ಳೂ ಹೋಗಂಗಿಲ್ಲ” ಅಂದ. ಸ್ಟೆಪ್ನಿ ಸೇರಿ ಐದೂ ಹಾಕಿಸಿದೆ. ಅಳತೆ ಎಲ್‌ಟಿ 215/75 ಆರ್15, 6 ಪಿಆರ್, 100/97. ಎಲ್‌ಟಿ ಅಂದರೆ ಲೈಟ್ ಟ್ರಕ್, ಸಣ್ಣ ಲೋಡ್ ಗಾಡಿಯ ಟೈರ್. ಪಿಆರ್ ಅದರ ಗಟ್ಟಿತನದ ಗುರುತು. ಕಂಪನಿ ಯಾವುದು ಅಂತ ಬರೆಯುತ್ತಿಲ್ಲ. ತಪ್ಪು ಟೈರಿನದ್ದಲ್ಲ, ನನ್ನದು.

ನೋಡೋಕೆ ಮಾತ್ರ ಭರ್ಜರಿ! ಎರಡು ದಿನ ಗಾಡಿ ಸುತ್ತ ಸುಮ್ನೆ ತಿರುಗಿ ನೋಡಿದ್ದೇ ನೋಡಿದ್ದು. ಮೂರನೇ ದಿನ ಅವ್ವನನ್ನು ಆಸ್ಪತ್ರೆಗೆ ಕರ್ಕೊಂಡು ಹೋದೆ. “ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಕುಂತಂಗ ಆಗ್ತದಲ್ಲೋ” ಅಂದಳು. ನಿಜ. ರಸ್ತೆಯ ಒಂದೊಂದು ತೇಪೆಯೂ ಸೊಂಟಕ್ಕೆ ಬಡಿಯುತ್ತಿತ್ತು. ಭತ್ತ ತೂಗುವ ಕಾಟಾದ ಮೇಲೆ ಹಳೆ ಟೈರ್, ಹೊಸ ಟೈರ್ ಎರಡನ್ನೂ ಇಟ್ಟು ನೋಡಿದೆ. ಹೊಸದು ಹತ್ತಿರ ಹತ್ತಿರ 4 ಕೆ.ಜಿ. ಜಾಸ್ತಿ. ಮೈಲೇಜ್ ಲೀಟರಿಗೆ ಒಂದೂವರೆ ಕಿ.ಮೀ. ಇಳಿಯಿತು. ಸ್ಟೆಪ್ನಿ ಹೊತ್ತ ಹಿಂದಿನ ಬಾಗಿಲು ಕಟಕಟ ಅನ್ನೋಕೆ ಶುರುಮಾಡಿತು.

ಎಲ್ಲಕ್ಕಿಂತ ಕೆಟ್ಟದ್ದು ಗಾಳಿಯ ವಿಷಯ. ಅಂಗಡಿಯವನು “ನಲವತ್ತರ ಕೆಳಗ ಇಳಿಸಬ್ಯಾಡ್ರಿ” ಅಂದಿದ್ದ (ಪಿಎಸ್‌ಐ ಲೆಕ್ಕದಲ್ಲಿ, ಅದು ಗಾಳಿಯ ಒತ್ತಡದ ಅಳತೆ). ನಾನೂ ನಂಬಿದೆ. ಆರು ತಿಂಗಳಲ್ಲಿ ಟೈರಿನ ನಡುಭಾಗ ಸವೆದು, ಅಂಚುಗಳು ಹೊಸದರಂತೆಯೇ ಉಳಿದಿದ್ದವು. ಅಂದರೆ ಟೈರ್ ಉಬ್ಬಿಕೊಂಡು ನಡುವಿನ ಪಟ್ಟಿಯಷ್ಟೇ ನೆಲಕ್ಕೆ ತಾಗುತ್ತಿತ್ತು. ಮಳೆಗಾಲದಲ್ಲಿ ಕಾಲುವೆ ಏರಿಯ ಮೇಲೆ ಬ್ರೇಕ್ ಒತ್ತಿದರೆ ಗಾಡಿ ನೀರಿನ ಕಡೆಗೇ ಜಾರಿತು. ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಹಾಕಿಸೋ ಮೊದಲೇ ಮಾಡಬೇಕಾದ ಕೆಲಸ, ಅಲ್ವಾ?

ಟೈರಿನ ಮೇಲಿನ 96 ಅಂದರೆ ಒಂದು ಟೈರ್ 710 ಕೆ.ಜಿ. ಹೊರಬಲ್ಲದು ಅಂತ. 100 ಅಂದರೆ 800, 104 ಅಂದರೆ 900. ಜಿಮ್ನಿಯ ಖಾಲಿ ತೂಕ ಸುಮಾರು 1,200 ಕೆ.ಜಿ. ಜನ, ಸಾಮಾನು ಎಲ್ಲ ಸೇರಿ 1,545 ದಾಟಬಾರದು. ಮೊದಲಿದ್ದ ಟೈರುಗಳೇ ನಾಲ್ಕೂ ಸೇರಿ 2,840 ಕೆ.ಜಿ. ಹೊರುತ್ತಿದ್ದವು! ಗಾಡಿಗೆ ಬೇಕಾದ್ದರ ಹತ್ತಿರ ಹತ್ತಿರ ಎರಡರಷ್ಟು ಆಗಲೇ ಇತ್ತು. ನಾನು ಅದರ ಮೇಲೆ ಇನ್ನೂ ಬೇಕು ಅಂತ ಹೋಗಿದ್ದೆ.

ಟೈರ್ ಗಟ್ಟಿಯಾದರೆ ಜಾಸ್ತಿ ಹೇರಬಹುದು ಅನ್ನೋದೂ ಸುಳ್ಳು. ಸ್ಪ್ರಿಂಗ್, ಆಕ್ಸಲ್, ಬ್ರೇಕ್ ಎಲ್ಲ ಹಳೆಯವೇ ಇರುತ್ತವೆ. ಈ ಗಾಡಿಗೆ ಹೇರಬಹುದಾದದ್ದು 340 ಕೆ.ಜಿ. ಆಸುಪಾಸು. ನಾನು, ನನ್ನ ತಮ್ಮ ಕೂತರೆ 150 ಹೋಯಿತು. ಉಳಿದದ್ದಕ್ಕೆ 50 ಕೆ.ಜಿ.ಯ ಡಿಎಪಿ ಗೊಬ್ಬರದ ಚೀಲ ಮೂರು. ನಾಲ್ಕನೆಯದಕ್ಕೆ ಜಾಗ ಇರುತ್ತದೆ, ಲೆಕ್ಕ ಇರಲ್ಲ.

ಮತ್ತೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಮಾಮೂಲಿ ಟೈರಿನ ಮೇಲೂ 100 ಇರಬಹುದು, ಎಲ್‌ಟಿ ಮೇಲೂ 100 ಇರಬಹುದು. ಮಾಮೂಲಿ ಟೈರ್ ಆ 800 ಕೆ.ಜಿ.ಯನ್ನು 36 ಪಿಎಸ್‌ಐ ಆಸುಪಾಸಿನಲ್ಲೇ ಹೊರುತ್ತದೆ. 6 ಪಿಆರ್ ಎಲ್‌ಟಿಗೆ ಅಷ್ಟು ಹೊರಲು 50 ಪಿಎಸ್‌ಐ ಬೇಕು. ಅದು ಭಾರ ಹೊರುವ ಗಾಡಿಗೆಂದೇ ಮಾಡಿದ ಟೈರ್. ನನ್ನ ಗಾಡಿಯಲ್ಲಿ ಒಂದು ಗಾಲಿಗೆ ಬೀಳೋದು 400 ಕೆ.ಜಿ. ಸುತ್ತಮುತ್ತ ಅಷ್ಟೇ. 100/97ರಲ್ಲಿ 97 ಏನು ಅಂದರೆ, ಹಿಂದೆ ಜೋಡಿ ಗಾಲಿ ಇರುವ ಗಾಡಿಗಳಲ್ಲಿ ಒಂದೊಂದು ಟೈರ್ ಹೊರುವ ಲೆಕ್ಕ, 730 ಕೆ.ಜಿ. ಜಿಮ್ನಿಗೂ ಅದಕ್ಕೂ ಸಂಬಂಧವೇ ಇಲ್ಲ.

6 ಪಿಆರ್ ಅಂದರೆ ಒಳಗೆ ಆರು ಪದರ ಇದೆ ಅಂತಲೂ ಅಲ್ಲ. ಹಿಂದೆ ಟೈರಿನೊಳಗೆ ಹತ್ತಿ ಬಟ್ಟೆಯ ಪದರ ಇರುತ್ತಿತ್ತು, ಅದನ್ನೇ ಎಣಿಸುತ್ತಿದ್ದರು. ಈಗಿನದು ಅಷ್ಟು ಪದರದ ಬಲಕ್ಕೆ ಸಮ ಅನ್ನುವ ಗುರುತು ಮಾತ್ರ. ಹತ್ತಿ ಬೆಳೆಯೋ ಜಿಲ್ಲೆಯವರಾದ ನಮಗೇ ಇದು ಗೊತ್ತಿರಲಿಲ್ಲ ನೋಡಿ.

ಒಂಬತ್ತು ತಿಂಗಳು, 11 ಸಾವಿರ ಕಿ.ಮೀ. ಆದ ಮೇಲೆ ಅವನ್ನು ಬಿಚ್ಚಿಸಿದೆ. ಎರಡನೇ ಸೆಟ್ಟೂ 215/75 ಆರ್15, ಅದೇ 100. ಆದರೆ ಎಲ್‌ಟಿ ಅಲ್ಲ. ಮಣ್ಣು, ಡಾಂಬರು ಎರಡಕ್ಕೂ ಆಗುವ ಮಾಮೂಲಿ ಟೈರ್. ಗಾಳಿ 28 ಹಿಡಿಸುತ್ತೇನೆ. ಇದರ ಮೇಲೆ 23 ಸಾವಿರ ಕಿ.ಮೀ. ಓಡಿಸಿದ್ದೇನೆ, ಸವೆತ ಎಲ್ಲ ಕಡೆ ಒಂದೇ ಸಮ. ಅವ್ವ ಈಗ ಏನೂ ಅನ್ನುವುದಿಲ್ಲ. ಹೊಳೆಯ ಉಸುಕಿಗೆ ಇಳಿಯುವಾಗ 18ಕ್ಕೆ ಇಳಿಸಿದರೆ ಟೈರ್ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ. ಎಲ್‌ಟಿ ಟೈರ್ ಅಷ್ಟೇ ಗಾಳಿಗೆ ಕಲ್ಲಿನ ಹಾಗೆ ನಿಂತಿರುತ್ತಿತ್ತು, ಈ ಹಗುರ ಗಾಡಿಯ ಭಾರಕ್ಕೆ ಅದು ಬಗ್ಗುತ್ತಲೇ ಇರಲಿಲ್ಲ. ಹಳೆ ಅಳತೆಗಿಂತ ಇದು 10 ಮಿ.ಮೀ. ಎತ್ತರ, ಒಳಗೆ ಎಲ್ಲೂ ತಾಗುವುದಿಲ್ಲ.

ಕೊರತೆಯೂ ಇದೆ. ಬಳ್ಳಾರಿ ಜಾಲಿಯ ಮುಳ್ಳು ಇದಕ್ಕೆ ನಾಲ್ಕು ಸಲ ಚುಚ್ಚಿದೆ. ಗಟ್ಟಿ ಟೈರಿಗೆ ಚುಚ್ಚಿದ್ದು ಒಂದೇ ಸಲ. 60 ದಾಟಿದ ಮೇಲೆ ಸದ್ದು ಸ್ವಲ್ಪ ಜಾಸ್ತಿ. ಇನ್ನು ಮಳೆ ಬಿದ್ದ ಎರೆ ಹೊಲಕ್ಕೆ ಯಾವ ಟೈರೂ ಔಷಧಿ ಅಲ್ಲ. ಹತ್ತು ಹೆಜ್ಜೆ ಹೋಗೋದರೊಳಗೆ ಮಣ್ಣು ಮೆತ್ತಿಕೊಂಡು ನಾಲ್ಕೂ ಗಾಲಿ ನುಣ್ಣಗಾಗುತ್ತವೆ. ಅಲ್ಲಿಗೆ ಟ್ರ್ಯಾಕ್ಟರ್ ಕರೆಸೋದೇ ಸರಿ.

ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ನೋಡಿ. ನಮ್ಮ ಬೇಸಿಗೆ ನಿಮಗೆ ಗೊತ್ತಲ್ಲ. ಬಿಸಿ ಐದಾರು ಡಿಗ್ರಿ ಏರಿದರೆ ಗಾಳಿಯೂ ಒಂದು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ 32 ತೋರಿಸಿತು ಅಂತ ಬಿಡಿಸಿದರೆ ರಾತ್ರಿಗೆ ಕಡಿಮೆ ಬೀಳುತ್ತದೆ.

ಬಿಚ್ಚಿದ ಎಲ್‌ಟಿ ಟೈರುಗಳನ್ನು ಪಕ್ಕದ ಹೊಲದವನು ಕೇಳಿದ. ಅವನದು ಪಿಕಪ್, 75 ಕೆ.ಜಿ. ಭತ್ತದ ಚೀಲ ಹೇರುವ ಗಾಡಿ. ಅವನ ಟೈರ್ ನೋಡಿದರೆ 8 ಪಿಆರ್. ನನಗೆ ಅತಿಯಾದದ್ದು ಅವನಿಗೆ ಸಾಲದು. ಕೊಡಲ್ಲ ಅಂದೆ, ಸ್ವಲ್ಪ ಮುನಿಸಿಕೊಂಡ. ಐದೂ ಇನ್ನೂ ಮನೆಯ ಗೋದಾಮಿನಲ್ಲಿ ಯೂರಿಯಾ ಚೀಲದ ಪಕ್ಕ ಬಿದ್ದಿವೆ. ಬೊಲೆರೊ ಇಟ್ಟವರೊಬ್ಬರು ಮೊನ್ನೆ ಬಂದು ನೋಡಿದರು. ನಿಮ್ಮ ಗಾಡಿಯ ಬಾಗಿಲಿನಲ್ಲಿ ಟೈರ್ ಅಳತೆ, ಗಾಳಿ ಬರೆದ ಸ್ಟಿಕರ್ ಮೊದಲು ಓದಿಕೊಂಡು ಬನ್ನಿ ಅಂತ ಕಳಿಸಿದ್ದೇನೆ.