ಪ್ರಯರ್ ಆರ್ಟ್ ಹುಡುಕಲು ವೇಬ್ಯಾಕ್ ಮೆಷಿನ್ ಎಷ್ಟು ಕೆಲಸಕ್ಕೆ ಬರುತ್ತದೆ?

ಸ್ಕ್ರೀನ್ ಮೇಲಿನ ಒಂದು ಸ್ವೈಪ್‌ಗೋ ಸ್ಕ್ರೋಲ್‌ಗೋ ಯಾರೋ ಪೇಟೆಂಟ್ ಪಡೆದಿರುತ್ತಾರೆ. ಅದು ಅದಕ್ಕೂ ಮೊದಲೇ ಬಳಕೆಯಲ್ಲಿತ್ತು ಅಂತ ತೋರಿಸುವ ದಾಖಲೆ, ಅಂದರೆ ಪ್ರಯರ್ ಆರ್ಟ್, ಹುಡುಕುವುದೇ ನನ್ನ ಕೆಲಸ. ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ನೆಚ್ಚಿಕೊಂಡಿರುವುದು, ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್.

ಶುರು ಮಾಡುವುದು ಗೂಗಲ್ ಪೇಟೆಂಟ್ಸ್‌ನಿಂದಲೇ. ಟಚ್‌ಸ್ಕ್ರೀನ್ ಸನ್ನೆಗಳಾದರೆ ಜಿ06ಎಫ್ 3/0488 ಅನ್ನೋ ವರ್ಗ ಹಾಕಿ, ಪ್ರಯಾರಿಟಿ ದಿನಾಂಕಕ್ಕಿಂತ (ಆ ಪೇಟೆಂಟ್‌ಗೆ ಮೊದಲು ಅರ್ಜಿ ಹಾಕಿದ ದಿನ) ಹಿಂದಿನದನ್ನು ಮಾತ್ರ ಸೋಸಬಹುದು. ಆದರೆ ಇಂಟರ್‌ಫೇಸ್ ಬರೆದ ಎಷ್ಟೋ ಪ್ರೋಗ್ರಾಮರ್‌ಗಳು ಪೇಟೆಂಟ್ ಅರ್ಜಿಯನ್ನೇ ಹಾಕಲಿಲ್ಲ. ಬರೆದರು, ಬಿಡುಗಡೆ ಮಾಡಿದರು, ಅಷ್ಟೇ. ಅವರ ಕೆಲಸ ಉಳಿದಿರುವುದು ಹಳೆ ಮ್ಯಾನ್ಯುಯಲ್‌ಗಳಲ್ಲಿ, ಡೌನ್‌ಲೋಡ್ ಪುಟಗಳಲ್ಲಿ. ಅಮೆರಿಕದಲ್ಲಿ 2012ರಿಂದ ಇರುವ, ಕೊಟ್ಟ ಪೇಟೆಂಟನ್ನು ಪೇಟೆಂಟ್ ಕಚೇರಿಯಲ್ಲೇ ಪ್ರಶ್ನಿಸುವ ಇಂಟರ್ ಪಾರ್ಟೀಸ್ ರಿವ್ಯೂನಲ್ಲಿ ಪೇಟೆಂಟ್ ಅಥವಾ ಪ್ರಕಟವಾದ ಬರಹವನ್ನೇ ಆಧಾರವಾಗಿ ಕೊಡಬೇಕು. 'ಈ ಸಾಫ್ಟ್‌ವೇರ್ ಆಗಲೇ ಇತ್ತು' ಅಂದರೆ ಸಾಲದು. ಹಾಗಾಗಿ ಆ ಮ್ಯಾನ್ಯುಯಲ್‌ಗೆ ಚಿನ್ನದ ಬೆಲೆ.

ವೇಬ್ಯಾಕ್‌ನ ವಿಳಾಸದಲ್ಲೇ 14 ಅಂಕಿ ಇರುತ್ತವೆ: ವರ್ಷದಿಂದ ಸೆಕೆಂಡಿನವರೆಗೆ. ಆದರೆ ಅದು ಪುಟ ಸೆರೆಯಾದ ಸಮಯ, ಒಳಗಿನ ಚಿತ್ರದ್ದಲ್ಲ. ಇತ್ತೀಚೆಗೆ ಸ್ಕ್ರೋಲ್ ಬಗ್ಗೆ ಒಂದು ಪೇಟೆಂಟ್‌ನ ಕ್ಲೇಮ್‌ಗೆ (ಯಾವುದು ತನ್ನದು ಅಂತ ಪೇಟೆಂಟ್ ಹೇಳಿಕೊಳ್ಳುವ ಭಾಗ) ಸರಿಯಾಗಿ ಹೊಂದುವ ಸ್ಕ್ರೀನ್‌ಶಾಟ್ ಸಿಕ್ಕಿತು. 'ಅಬೌಟ್ ದಿಸ್ ಕ್ಯಾಪ್ಚರ್' ತೆರೆದು ನೋಡಿದರೆ ಪುಟ ಹಳೆಯದು, ಚಿತ್ರ ಮಾತ್ರ ಪ್ರಯಾರಿಟಿ ದಿನಾಂಕ ದಾಟಿದ ಮೇಲೆ ಸೆರೆಯಾದದ್ದು. ಅದನ್ನು ಬಿಟ್ಟು ಅದೇ ತಾಣದ ಪಿಡಿಎಫ್ ಮ್ಯಾನ್ಯುಯಲ್ ಹಿಡಿದೆ. ಕ್ಲೇಮ್‌ನ ಒಂದೊಂದು ಅಂಶವೂ ಅದರಲ್ಲಿ ಮಾತಿನಲ್ಲೇ ಬರೆದಿತ್ತು! ಈ ಖುಷಿಗೇ ಈ ಕೆಲಸ ಮಾಡಬೇಕು ಅನ್ನಿಸುತ್ತದೆ.

ವಿಡಿಯೊಗಳನ್ನೂ ಮರೆಯಬೇಡಿ. 2013ರಲ್ಲಿ ಜರ್ಮನಿಯ ಪೇಟೆಂಟ್ ಕೋರ್ಟ್ ಆಪಲ್‌ನ ಒಂದು ಫೋಟೊ ಗ್ಯಾಲರಿ ಪೇಟೆಂಟ್ ರದ್ದು ಮಾಡಿತು. ಅದಕ್ಕೆ ಪುರಾವೆ ಯಾವುದು ಗೊತ್ತಾ? 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ಐಫೋನ್ ತೋರಿಸಿದ ವಿಡಿಯೊ. ಅರ್ಜಿಗೂ ಮೊದಲೇ ತಾವೇ ತೋರಿಸಿದ್ದರೆ ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದೆ, ಯುರೋಪಿನಲ್ಲಿ ಅದಿಲ್ಲ.

ಕೊರತೆಯೂ ಇದೆ. ಉಳಿಸಿದ ಪುಟಗಳ ಒಳಗಿನ ಮಾತು ಹಿಡಿದು ಹುಡುಕಲು ಆಗುವುದಿಲ್ಲ, ವಿಳಾಸ ಗೊತ್ತಿರಬೇಕು. ವಿಳಾಸ ಸಿಗುವುದು ಹಳೆ ಪತ್ರಿಕೆಗಳ ಜಾಹೀರಾತುಗಳಲ್ಲಿ. ಬೈಟ್‌ನಂಥ ಕಂಪ್ಯೂಟರ್ ಪತ್ರಿಕೆಗಳ ಸ್ಕ್ಯಾನ್ ಅದೇ ಆರ್ಕೈವ್‌ನಲ್ಲಿವೆ, ಅವುಗಳ ಒಳಗೆ ಪದ ಹಾಕಿ ಹುಡುಕಬಹುದು. ಪುಟ ಸಿಕ್ಕಮೇಲೆ ಸುಮ್ನೆ ಪ್ರಿಂಟ್ ಹಾಕಿ ಕೂರಬೇಡಿ. ದಿನಾಂಕಕ್ಕೆ ಪುರಾವೆಯಾಗಿ ಆರ್ಕೈವ್‌ನವರೇ ಶುಲ್ಕ ಪಡೆದು ಅಫಿಡವಿಟ್ ಕೊಡುತ್ತಾರೆ, ಅದನ್ನು ಬೇಗ ಕೇಳಿ.