ಕಿಂಗ್ಲಿ ವೇಲ್: ಚಹಾ ಅಂಗಡಿಯೂ ಇಲ್ಲದ ಕಾಡಿಗೆ ಒಂದು ಶಿಫಾರಸು

ಇಂಗ್ಲೆಂಡಿನ ದಕ್ಷಿಣದಲ್ಲಿರುವ ವೆಸ್ಟ್ ಸಸೆಕ್ಸ್ ಕೌಂಟಿಯ ಚಿಚೆಸ್ಟರ್ ಪಟ್ಟಣದಿಂದ ವಾಯವ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕಿಂಗ್ಲಿ ವೇಲ್ ಎಂಬ ಕಾಡಿದೆ. ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದೊಯ್ಯುವ ಸ್ಥಳಗಳ ಪಟ್ಟಿಯಲ್ಲಿ ಸ್ಟೋನ್‌ಹೆಂಜ್, ಬಾತ್, ಕಾಟ್ಸ್‌ವೋಲ್ಡ್ಸ್ ಮುಂತಾದವು ತಪ್ಪದೆ ಇರುತ್ತವೆಯಾದರೂ ಈ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಕಾರಣವೂ ಇದೆ. ಇಲ್ಲಿ ಪ್ರವೇಶದ ಟಿಕೆಟ್ ಇಲ್ಲ, ನೆನಪಿನ ಕಾಣಿಕೆ ಮಾರುವ ಅಂಗಡಿಯಿಲ್ಲ, ಮಕ್ಕಳ ಆಟದ ಜಾಗವಿಲ್ಲ, ಕುಡಿಯಲು ಚಹಾ ಸಿಗುವುದಿಲ್ಲ, ಶೌಚಾಲಯವೂ ಇಲ್ಲ. ಆದರೂ ದಕ್ಷಿಣ ಇಂಗ್ಲೆಂಡಿನಲ್ಲಿ ಒಂದೇ ಒಂದು ಕಾಡನ್ನು ನೋಡಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಈ ಸೌಕರ್ಯಗಳು ಇಲ್ಲದಿರುವುದರಿಂದಲೇ ಇದು ಹೀಗೆ ಉಳಿದಿದೆ ಎಂಬುದು ನನ್ನ ಅಭಿಪ್ರಾಯ.

ವಾಹನದಲ್ಲಿ ಬರುವವರು ವೆಸ್ಟ್ ಸ್ಟೋಕ್ ಎಂಬ ಸಣ್ಣ ಹಳ್ಳಿಯ ಬದಿಯಲ್ಲಿರುವ ಉಚಿತ ನಿಲುಗಡೆಯಲ್ಲಿ ಕಾರು ಬಿಡಬೇಕಾಗುತ್ತದೆ. ಅಲ್ಲಿಂದ ಕಾಡಿನ ಬಾಗಿಲಿಗೆ ಹೊಲಗಳ ನಡುವಿನ ಹಾದಿಯಲ್ಲಿ ಒಂದು ಕಿಲೋಮೀಟರಿಗೂ ತುಸು ಹೆಚ್ಚು ನಡೆಯಬೇಕು. ಕಾಡಿಗೆ ಕಾಲಿಡುವ ಮೊದಲೇ ಕಾಲು ಗಂಟೆ, ಇಪ್ಪತ್ತು ನಿಮಿಷ ನಡೆಯಬೇಕೆಂಬ ಈ ನಿಯಮವನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡಿದಂತಿಲ್ಲ. ಆದರೆ ಕಾರಿನಿಂದಿಳಿದು ನಾಲ್ಕು ಫೋಟೋ ತೆಗೆದು ಹೊರಡುವ ಜನಸಂದಣಿಯನ್ನು ಯಾವ ಫಲಕಕ್ಕಿಂತಲೂ ಚೆನ್ನಾಗಿ ದೂರವಿಡುವುದು ಆ ನಡಿಗೆಯೇ. ವಾರದ ದಿನಗಳಲ್ಲಿ ಹೋದರೆ ನಾಯಿಯೊಡನೆ ನಡೆಯುವ ಸ್ಥಳೀಯರು ಒಬ್ಬಿಬ್ಬರು ಎದುರಾಗಿ, ತಲೆಯಾಡಿಸಿ, ಮುಂದೆ ಸಾಗುತ್ತಾರೆ. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಚಿಚೆಸ್ಟರ್‌ಗೆ ಸುಮಾರು ಒಂದೂವರೆ ಗಂಟೆಯ ನೇರ ರೈಲು ಪ್ರಯಾಣವಿದೆ. ಅಲ್ಲಿಂದ ಮುಂದಕ್ಕೆ ಹಳ್ಳಿಗಳ ಕಡೆಗೆ ಬಸ್ಸುಗಳು ವಿರಳವಾದ್ದರಿಂದ, ಕಾರಿಲ್ಲದವರು ಟ್ಯಾಕ್ಸಿಯ ಖರ್ಚನ್ನು ಲೆಕ್ಕದಲ್ಲಿಟ್ಟುಕೊಂಡೇ ಹೊರಡುವುದು ಒಳ್ಳೆಯದು.

ಇಲ್ಲಿ ನೋಡಬೇಕಾದದ್ದು ಯೂ (yew) ಎಂಬ ಸೂಜಿಯೆಲೆಯ ಮರಗಳು. ಇಂಗ್ಲೆಂಡಿನಲ್ಲಿ ಹಳೆಯ ಯೂ ಮರವನ್ನು ನೋಡುವುದು ಕಷ್ಟವಲ್ಲ. ನಮ್ಮ ಊರುಗಳ ಕಟ್ಟೆಯ ಮೇಲೆ ಅರಳಿ ಮರವೊಂದು ನಿಂತಿರುವಂತೆ ಅಲ್ಲಿನ ಹಳೆಯ ಚರ್ಚುಗಳ ಅಂಗಳದಲ್ಲಿ ಯೂ ಮರವೊಂದು, ಹೆಚ್ಚೆಂದರೆ ಎರಡು ನಿಂತಿರುತ್ತವೆ. ಆದರೆ ಒಂದು ಕಣಿವೆಯ ತುಂಬ ಯೂ ಮರಗಳೇ ಇರುವುದು ಅಪರೂಪ. ಪಶ್ಚಿಮ ಯೂರೋಪಿನ ಅತ್ಯುತ್ತಮ ಯೂ ಕಾಡುಗಳಲ್ಲಿ ಒಂದೆಂದು ಕಿಂಗ್ಲಿ ವೇಲ್ ಅನ್ನು ಪರಿಗಣಿಸಲಾಗುತ್ತದೆ. ಕಣಿವೆಯ ತಳದಲ್ಲಿರುವ ತೋಪಿನ ಮರಗಳು ಅತ್ಯಂತ ಹಳೆಯವು, ಇಳಿಜಾರುಗಳನ್ನು ಆವರಿಸಿರುವ ದಟ್ಟ ಕಾಡು ಅವಕ್ಕಿಂತ ಬಹಳ ಕಿರಿಯದು. ಅವಸರದಲ್ಲಿರುವವರು ಇಳಿಜಾರನ್ನು ಬಿಟ್ಟರೂ ತಳದ ತೋಪನ್ನು ಬಿಡಬಾರದು.

ತೋಪಿನೊಳಗೆ ಹೊಕ್ಕ ಕೂಡಲೇ ಬೆಳಕು ಎಷ್ಟು ಕಡಿಮೆಯಾಗುತ್ತದೆಂದರೆ, ಹೊರಗೆ ಹೊಲದಲ್ಲಿ ಬಿಸಿಲಿತ್ತೆಂಬುದನ್ನು ನಂಬುವುದು ಕಷ್ಟವಾಗುತ್ತದೆ. ಯೂ ನಿತ್ಯಹರಿದ್ವರ್ಣ ಮರವಾಗಿರುವುದರಿಂದಲೂ, ಅದರ ಸೂಜಿಯಂಥ ಎಲೆಗಳು ಒತ್ತಾಗಿರುವುದರಿಂದಲೂ ನೆಲಕ್ಕೆ ಬೆಳಕು ಬೀಳುವುದೇ ಇಲ್ಲವೆನ್ನಬಹುದು. ಆ ಕಾರಣದಿಂದ ಮರಗಳ ಕೆಳಗೆ ಹುಲ್ಲಾಗಲಿ, ಪೊದೆಯಾಗಲಿ ಬೆಳೆಯದೆ, ಒಣಗಿದ ಎಲೆಗಳ ಕಂದು ಹಾಸು ಮಾತ್ರ ಇರುತ್ತದೆ. ಮಲೆನಾಡಿನ ಕಾಡುಗಳನ್ನು ನೋಡಿ ಬೆಳೆದವರಿಗೆ ಈ ಬರಿದಾದ ನೆಲ ಮೊದಲು ವಿಚಿತ್ರವೆನಿಸುತ್ತದೆ. ಬಳ್ಳಿಗಳಿಲ್ಲ, ಜೀರುಂಡೆಗಳ ಸದ್ದಿಲ್ಲ, ಮುಖಕ್ಕೆ ಬಡಿಯುವ ರೆಂಬೆಗಳಿಲ್ಲ. ಕಾಡೆಂದರೆ ಹಸಿರಿನ ದಟ್ಟಣೆ ಎಂಬ ನಿರೀಕ್ಷೆಯಿಂದ ಹೋದವರು ನಿರಾಶರಾಗಬಹುದು. ಕಣ್ಣು ಆ ಮಬ್ಬಿಗೆ ಹೊಂದಿಕೊಂಡ ಮೇಲೆ ಕಾಣಿಸುವುದು ಮರಗಳ ಆಕಾರ. ಕೆಂಪು ಮಿಶ್ರಿತ ಕಂದು ಬಣ್ಣದ ಕಾಂಡಗಳು ತಿರುಚಿಕೊಂಡು, ಸೀಳಿ, ಮತ್ತೆ ಕೂಡಿಕೊಂಡಿರುತ್ತವೆ. ಕೆಲವು ಮರಗಳ ಕೊಂಬೆಗಳು ತಮ್ಮದೇ ಭಾರಕ್ಕೆ ಬಾಗಿ ನೆಲ ಮುಟ್ಟಿ, ಮುಟ್ಟಿದಲ್ಲಿ ಬೇರು ಬಿಟ್ಟು, ಮತ್ತೆ ಮೇಲೆದ್ದಿರುತ್ತವೆ. ಹೀಗಾಗಿ ಒಂದು ಮರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂದು ಹೇಳುವುದು ಹಲವೆಡೆ ಸಾಧ್ಯವಾಗುವುದಿಲ್ಲ.

ಈ ಮರಗಳ ವಯಸ್ಸಿನ ಬಗ್ಗೆ ಐದು ನೂರು ವರ್ಷಗಳಿಂದ ಎರಡು ಸಾವಿರ ವರ್ಷಗಳವರೆಗೆ ಬೇರೆ ಬೇರೆ ಮಾತುಗಳನ್ನು ಕೇಳಬಹುದು. ಯೂ ಮರ ಮುದಿಯಾದಂತೆ ಅದರ ತಿರುಳು ಕೊಳೆತು ಒಳಗೆ ಪೊಳ್ಳಾಗುವುದರಿಂದ, ಉಂಗುರಗಳನ್ನೆಣಿಸಿ ವಯಸ್ಸು ನಿರ್ಧರಿಸುವ ಸಾಮಾನ್ಯ ವಿಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ದೊಡ್ಡ ಸಂಖ್ಯೆಗಳನ್ನು ಹೇಳುವವರ ಮಾತನ್ನು ಸ್ವಲ್ಪ ತಗ್ಗಿಸಿಯೇ ಕೇಳಬೇಕು. ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಸೋತು ಸತ್ತ ವೈಕಿಂಗ್ ಯೋಧರ ಪ್ರೇತಗಳು ತೋಪಿನಲ್ಲಿ ಅಲೆಯುತ್ತವೆ ಎಂಬ ಸ್ಥಳೀಯ ಕಥೆಗೂ ಇದೇ ಮಾತು ಅನ್ವಯಿಸುತ್ತದೆಯಾದರೂ, ಮಕ್ಕಳನ್ನು ನಡೆಸಿಕೊಂಡು ಹೋಗುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಇಷ್ಟು ಹಳೆಯ ಯೂ ಮರಗಳು ಒಟ್ಟಿಗೆ ಉಳಿದಿರುವುದು ಏಕೆ ವಿಶೇಷ ಎಂಬುದು ತಿಳಿಯಬೇಕಾದರೆ ಮಧ್ಯಯುಗದ ಯುದ್ಧಗಳನ್ನು ನೆನೆಯಬೇಕು. ಇಂಗ್ಲಿಷ್ ಸೈನ್ಯದ ಹೆಸರಾಂತ ಉದ್ದಬಿಲ್ಲುಗಳು ಯೂ ಮರದವು. 1415ರ ಅಜಿನ್‌ಕೋರ್ಟ್ ಕದನದಲ್ಲಿ ಫ್ರೆಂಚರನ್ನು ಮಣಿಸಿದ ಬಿಲ್ಲುಗಳಿವು. ದೇಶದೊಳಗಿನ ಮರ ಸಾಲದೆ ಹೊರಗಿನಿಂದ ತರಿಸಬೇಕಾದ ಸ್ಥಿತಿ ಬಂದಾಗ, ಬಂದರಿಗೆ ಬರುವ ಹಡಗುಗಳು ಸರಕಿನ ಪ್ರತಿ ಟನ್ನಿಗೆ ಇಂತಿಷ್ಟು ಬಿಲ್ಲಿನ ಕೋಲುಗಳನ್ನು ತರಲೇಬೇಕೆಂದು 1472ರಲ್ಲಿ ಶಾಸನವೇ ಆಯಿತು. ಅಂಥ ಬೇಡಿಕೆಯ ಕಾಲವನ್ನು ದಾಟಿ ಬಂದ ಮರಗಳ ನಡುವೆ ನಿಂತಿದ್ದೇವೆಂಬ ಅರಿವಿದ್ದರೆ ತೋಪಿನಲ್ಲಿ ಕಳೆಯುವ ಅರ್ಧ ಗಂಟೆಯ ತೂಕವೇ ಬೇರೆಯಾಗುತ್ತದೆ. ಇದನ್ನೆಲ್ಲ ಇನ್ನಷ್ಟು ವಿವರವಾಗಿ ತಿಳಿಸುವ ಫಲಕಗಳು ಪ್ರವೇಶದ ಬಳಿಯಲ್ಲಾದರೂ ಇರಬೇಕಿತ್ತು. ಇರುವ ಮಾಹಿತಿ ಚುಟುಕಾಗಿದ್ದು, ಮೊದಲೇ ಓದಿಕೊಂಡು ಹೋಗದವರಿಗೆ ಇದು ಬರೀ ಕತ್ತಲೆಯ ತೋಪಾಗಿ ಕಂಡರೆ ಆಶ್ಚರ್ಯವಿಲ್ಲ.

ತೋಪಿನಿಂದ ಮೇಲೆ ಬೋ ಹಿಲ್ ಎಂಬ ಗುಡ್ಡದತ್ತ ಹಾದಿ ಏರುತ್ತದೆ. ಗುಡ್ಡದ ಎತ್ತರ 206 ಮೀಟರ್ ಮಾತ್ರ. ಕುದುರೆಮುಖವನ್ನು ಹತ್ತಿದವರಿಗೆ ಇದು ಲೆಕ್ಕಕ್ಕಿಲ್ಲವೆನಿಸಬಹುದಾದರೂ ಕೆಲವು ಕಡೆ ಏರು ಕಡಿದಾಗಿಯೇ ಇದೆ. ನೆಲ ಸೀಮೆಸುಣ್ಣದ ಕಲ್ಲಿನದಾದ್ದರಿಂದ ಮಳೆ ಬಂದ ಮೇಲೆ ಹಾದಿ ಸಾಬೂನು ಹಚ್ಚಿದಷ್ಟು ಜಾರುತ್ತದೆ, ನಡುನಡುವೆ ಚಕಮಕಿ ಕಲ್ಲಿನ ಚೂಪಾದ ಚೂರುಗಳೂ ಇರುತ್ತವೆ. ಗಟ್ಟಿ ಹಿಡಿತದ ಬೂಟುಗಳಿಲ್ಲದೆ ಈ ಏರನ್ನು ಹತ್ತಬಾರದು. ಮೇಲೆ ತಲುಪಿದಾಗ ಕಂಚಿನ ಯುಗದ ಸಮಾಧಿ ದಿಬ್ಬಗಳು ಎದುರಾಗುತ್ತವೆ. ಸ್ಥಳೀಯರು ಅವನ್ನು ಸೈತಾನನ ಗೂನುಗಳೆಂದೂ ರಾಜರ ಸಮಾಧಿಗಳೆಂದೂ ಕರೆಯುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಕೆಳಗೆ ಕಪ್ಪು ಹಸಿರಿನ ಕಣಿವೆ, ಅದರಾಚೆ ಹೊಲಗಳು, ಚಿಚೆಸ್ಟರ್ ಬಂದರಿನ ಹಿನ್ನೀರು, ಆಕಾಶ ತಿಳಿಯಾಗಿದ್ದರೆ ವೈಟ್ ದ್ವೀಪದ ಅಂಚು ಇವೆಲ್ಲ ಒಂದೇ ನೋಟದಲ್ಲಿ ಸಿಗುತ್ತವೆ.

ಈ ನೋಟವನ್ನು ಮೆಚ್ಚಿದವರಲ್ಲಿ ಮುಖ್ಯರಾದ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ ಅವರ ನೆನಪಿಗೆ ಗುಡ್ಡದ ಮೇಲೆ ಒಂದು ಕಲ್ಲನ್ನು ನಿಲ್ಲಿಸಲಾಗಿದೆ. ಇಂದು ನಮ್ಮ ಶಾಲೆಯ ಮಕ್ಕಳು ಓದುವ ಇಕೋಸಿಸ್ಟಮ್ ಎಂಬ ಪರಿಕಲ್ಪನೆಯನ್ನು 1935ರಲ್ಲಿ ಮಂಡಿಸಿದವರು ಅವರು, ಬ್ರಿಟನ್ನಿನ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ. 1952ರಲ್ಲಿ ಕಿಂಗ್ಲಿ ವೇಲ್ ರಾಷ್ಟ್ರೀಯ ನಿಸರ್ಗಧಾಮವೆಂದು ಘೋಷಿತವಾದಾಗ ಅಂಥ ಮನ್ನಣೆ ಪಡೆದ ಆ ದೇಶದ ಮೊದಮೊದಲ ಸ್ಥಳಗಳಲ್ಲಿ ಅದೂ ಒಂದಾಗಿತ್ತು. ಈಗ ಅದರ ನಿರ್ವಹಣೆ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರಕಾರಿ ಸಂಸ್ಥೆಯದು. ಸಂರಕ್ಷಣೆಯೆಂದರೆ ಬೇಲಿ ಹಾಕಿ ಬಿಟ್ಟುಬಿಡುವುದು ಎಂದುಕೊಂಡವರು ಇಲ್ಲಿನ ಹುಲ್ಲುಗಾವಲುಗಳನ್ನು ಗಮನಿಸಬೇಕು. 1950ರ ದಶಕದಲ್ಲಿ ಬ್ರಿಟನ್ನಿನ ಮೊಲಗಳು ಮಿಕ್ಸೊಮಟೋಸಿಸ್ ರೋಗದಿಂದ ಅಪಾರ ಸಂಖ್ಯೆಯಲ್ಲಿ ಸತ್ತಾಗ, ಅವು ಮೇಯ್ದು ಗಿಡ್ಡವಾಗಿಟ್ಟಿದ್ದ ಸುಣ್ಣದ ನೆಲದ ಹುಲ್ಲುಗಾವಲುಗಳನ್ನು ಪೊದೆಗಳು ನುಂಗತೊಡಗಿದವು. ಈಗ ಆ ಕೆಲಸವನ್ನು ಕುರಿಗಳಿಂದ ಮಾಡಿಸಲಾಗುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಕಾಡಿನ ಕತ್ತಲೆಯಿಂದ ಹೊರಬಂದ ತಕ್ಷಣ ಆ ಹುಲ್ಲಿನ ಮೇಲೆ ನೀಲಿ ಚಿಟ್ಟೆಗಳು ಹಾರಾಡುವುದನ್ನು ನೋಡುವ ಅವಕಾಶವಿದೆ. ಅಕ್ಟೋಬರಿನ ಭೇಟಿಗೆ ಆ ಭಾಗ್ಯವಿಲ್ಲ, ಅದರ ಬದಲು ಯೂ ಮರಗಳ ತುಂಬ ಕೆಂಪು ಹಣ್ಣುಗಳು ಇರುತ್ತವೆ.

ಆ ಹಣ್ಣುಗಳ ಬಗ್ಗೆ ಒಂದು ಗಂಭೀರ ಎಚ್ಚರಿಕೆಯನ್ನು ಹೇಳಲೇಬೇಕು. ಯೂ ಮರದ ಎಲೆ, ತೊಗಟೆ, ಬೀಜ ಎಲ್ಲವೂ ವಿಷ, ಬೀಜವನ್ನು ಸುತ್ತಿರುವ ಕೆಂಪು ತಿರುಳೊಂದೇ ಅದಕ್ಕೆ ಹೊರತು. ಪಕ್ಷಿಗಳು ತಿರುಳನ್ನು ಜೀರ್ಣಿಸಿಕೊಂಡು ಬೀಜವನ್ನು ಒಡೆಯದೆ ಹೊರಹಾಕುತ್ತವೆ. ಮಕ್ಕಳಿಗೆ ಆ ವಿವೇಚನೆಯಿರುವುದಿಲ್ಲವಾದ್ದರಿಂದ, ದಾರಿಬದಿಯ ಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವರನ್ನು ಶರತ್ಕಾಲದಲ್ಲಿ ಕರೆದೊಯ್ಯುವುದಾದರೆ ಕೈ ಬಿಡಬಾರದು. ಇದೇ ಕುಲದ ಅಮೆರಿಕದ ಮರವೊಂದರ ತೊಗಟೆಯಿಂದ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧ ದೊರೆತದ್ದನ್ನೂ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರಲ್ಲಿ ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ ಒಬ್ಬರೆಂಬುದನ್ನೂ ಇಲ್ಲಿ ಸೇರಿಸಿದರೆ ವಿಷಯಾಂತರವಾಗಲಾರದು. ಇಂಗ್ಲೆಂಡಿನ ತೋಟಗಳಲ್ಲಿ ಬೇಲಿಯಾಗಿ ಬೆಳೆಸಿದ ಯೂ ಗಿಡಗಳ ಕತ್ತರಿಸಿದ ಸೊಪ್ಪನ್ನು ಸಂಗ್ರಹಿಸಿ ಇಂಥ ಔಷಧಗಳ ತಯಾರಿಕೆಗೆ ಕಳುಹಿಸುವ ರೂಢಿಯೂ ಅಲ್ಲಿತ್ತು.

ಎರಡನೆಯ ಎಚ್ಚರಿಕೆ ರಕ್ತ ಹೀರುವ ಉಣ್ಣೆಗಳದ್ದು, ಅಂದರೆ ಉಣುಗುಗಳದ್ದು. ಇಂಗ್ಲೆಂಡಿನ ಕಾಡಿನಲ್ಲಿ ಜಿಗಣೆಯ ಕಾಟವಿಲ್ಲವೆಂದು ನಿಶ್ಚಿಂತೆಯಿಂದ ಗಿಡ್ಡ ಚಡ್ಡಿ ತೊಟ್ಟು ಹೋಗುವವರು, ಜಿಂಕೆಗಳೂ ಕುರಿಗಳೂ ಓಡಾಡುವ ಇಂಥ ಹುಲ್ಲಿನಲ್ಲಿ ಉಣ್ಣೆಗಳಿರಬಹುದೆಂಬುದನ್ನು ಮರೆಯಬಾರದು. ಶಿವಮೊಗ್ಗ, ಉತ್ತರ ಕನ್ನಡದ ಕಡೆಯವರಿಗೆ ಮಂಗನ ಕಾಯಿಲೆಯಿಂದಾಗಿ ಉಣ್ಣೆಯ ಭಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಅವು ಹರಡುವುದು ಲೈಮ್ ಎಂಬ ಬ್ಯಾಕ್ಟೀರಿಯಾ ರೋಗವನ್ನು. ಉದ್ದನೆಯ ಪ್ಯಾಂಟು ತೊಟ್ಟು, ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು, ಮನೆಗೆ ಮರಳಿದ ಮೇಲೆ ಮಂಡಿಯ ಹಿಂಭಾಗವನ್ನೊಮ್ಮೆ ನೋಡಿಕೊಂಡರೆ ಸಾಕು.

ಕೊರತೆಗಳಲ್ಲಿ ನನಗೆ ನಿಜವಾಗಿ ಬೇಸರ ತರಿಸಿದ್ದು ವಯಸ್ಸಾದವರ ವಿಷಯ. ಮಂಡಿನೋವಿರುವ ತಾಯಿ ತಂದೆಯರು ಹೊಲದ ಹಾದಿಯನ್ನು ನಿಧಾನವಾಗಿ ದಾಟಿ ತಳದ ತೋಪನ್ನು ನೋಡಿ ಮರಳಬಹುದೇ ಹೊರತು ಗುಡ್ಡದ ನೋಟ ಅವರಿಗೆ ದಕ್ಕುವುದಿಲ್ಲ, ದಾರಿಯಲ್ಲಿ ದಣಿವಾರಿಸಿಕೊಳ್ಳಲು ಆಸನಗಳೂ ಸಾಲದು. ಗಾಲಿಕುರ್ಚಿಗೂ ಎಳೆಮಕ್ಕಳ ತಳ್ಳುಗಾಡಿಗೂ ಇದು ತಕ್ಕ ಸ್ಥಳವಲ್ಲ. ಕಾಡನ್ನು ಕಾಡಾಗಿ ಉಳಿಸಿಕೊಂಡೇ ಹೊಲದ ಹಾದಿಯಲ್ಲಿ ಇನ್ನೂ ಒಂದೆರಡು ಬೆಂಚುಗಳನ್ನು ಹಾಕಲು ಸಾಧ್ಯವಿತ್ತು. ಶೌಚಾಲಯದ ಕೊರತೆಗೆ ಪರಿಹಾರವಾಗಿ ಬರುವ ದಾರಿಯಲ್ಲಿ ಚಿಚೆಸ್ಟರ್‌ನಲ್ಲೇ ನಿಂತು ಬರುವುದು ಲೇಸು. ನೀರು, ತಿಂಡಿ ಎಲ್ಲವನ್ನೂ ಜೊತೆಗೆ ಕಟ್ಟಿಕೊಂಡು ಹೋಗಬೇಕು. ಗುಡ್ಡದ ಮೇಲಿನ ಗಾಳಿಗೆ ಪುಳಿಯೋಗರೆ ಎಷ್ಟು ರುಚಿಸುತ್ತದೆಂದು ಬರೆದರೆ ವಿಮರ್ಶೆಯ ಗಾಂಭೀರ್ಯಕ್ಕೆ ಧಕ್ಕೆಯಾದೀತು, ಆದರೂ ಬರೆದಿದ್ದೇನೆ. ತಿಂದ ಮೇಲೆ ಕಸವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಒಯ್ಯಬೇಕು.

ಗುರುತಿಸಿದ ಸುತ್ತುಹಾದಿ ಸುಮಾರು ಆರು ಕಿಲೋಮೀಟರ್ ಇದ್ದು, ನಿಂತು ನೋಡುತ್ತ ನಡೆದರೆ ಮೂರು ಗಂಟೆ ಬೇಕಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವುದರಿಂದಲೂ, ತೋಪಿನೊಳಗೆ ಅದಕ್ಕೂ ಮುಂಚೆ ದಾರಿ ಕಾಣದಂತಾಗುವುದರಿಂದಲೂ ಚಳಿಗಾಲದಲ್ಲಿ ಹೋಗುವವರು ಬೆಳಿಗ್ಗೆಯೇ ಹೊರಡಬೇಕು. ಆಯ್ಕೆಯಿದ್ದರೆ ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ಯಾವುದಾದರೊಂದು ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳುವುದು ಉತ್ತಮ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಇದು ಸಾಧ್ಯವಾಗದಿದ್ದರೆ, ಭಾನುವಾರ ಬೆಳಿಗ್ಗೆ ಒಂಬತ್ತರೊಳಗೆ ವೆಸ್ಟ್ ಸ್ಟೋಕ್ ತಲುಪಿದರೂ ಕಾರು ನಿಲ್ಲಿಸಲು ಜಾಗ ಸಿಗುತ್ತದೆ.